ಓದುಗರ ಪ್ರಶ್ನೆ: ಉಸುಕಿನಲ್ಲಿ ಹೂತ ಈ ಬೋಟು ಯಾವುದು?

ಪ್ರಶ್ನೆ: ನಮ್ಮ ತಂದೆಯವರು 1970ರ ದಶಕದಲ್ಲಿ ಕಾರವಾರದಲ್ಲಿ ಟ್ರಾಲ್ ಬೋಟೊಂದರ (ಹಿಂದೆ ಬಲೆ ಎಳೆದುಕೊಂಡು ಹೋಗುವ ಬೋಟು) ಎಂಜಿನ್ ನೋಡಿಕೊಳ್ಳುತ್ತಿದ್ದರು. ನಮ್ಮ ಹತ್ತಿರ ಇರುವುದು ಬೋಟಿನ ಹೆಸರು ಮತ್ತು ಒಂದು ಫೋಟೋ ಅಷ್ಟೇ. ಅಲ್ಲಿನ ಒಂದು ಖಾಡಿ ದಂಡೆಯಲ್ಲಿ ಅರ್ಧ ಹೂತಿರುವ ಕಟ್ಟಿಗೆ ಬೋಟೇ ಅದು ಎಂದು ಕೆಲವರು ಹೇಳುತ್ತಾರೆ. ಖಾತ್ರಿ ಮಾಡಿಕೊಳ್ಳುವುದು ಹೇಗೆ?
(ಓದುಗರು, ಖಾನಾಪುರ)

ಉತ್ತರ: ಹೆಸರನ್ನೇ ನಂಬಿ ಹೊರಡಬೇಡಿ. ಒಂದೇ ದೇವರ ಹೆಸರಿನ ಬೋಟುಗಳು ಒಂದೇ ಬಂದರಿನಲ್ಲಿ ಹಲವು ಇರುತ್ತವೆ, ಕೈ ಬದಲಾದಾಗ ಹೆಸರೂ ಬದಲಾಗುತ್ತದೆ. ಎಂಜಿನ್ ನಂಬರೂ ಮೋಸ ಮಾಡಬಹುದು. ಸವೆದ ಎಂಜಿನ್ ಇಳಿಸಿ ಬೇರೆಯದನ್ನು ಕೂರಿಸುವುದು, ಇಳಿಸಿದ್ದನ್ನು ರಿಪೇರಿ ಮಾಡಿ ಇನ್ನೊಂದು ಬೋಟಿಗೆ ಹಾಕುವುದು ಮಾಮೂಲು. ಬೋಟಿನ ಆಯುಷ್ಯವಿಡೀ ಬದಲಾಗದೆ ಉಳಿಯುವುದು ಕೀಲಿನ (ತಳದುದ್ದಕ್ಕೂ ಬೆನ್ನೆಲುಬಿನಂತಿರುವ ತೊಲೆಯ) ಉದ್ದ ಮತ್ತು ಒಡಲಿನ ಆಕಾರ. ಹಾಗಾಗಿ ಕಾಗದದಲ್ಲಿರುವ ಅಳತೆ, ಫೋಟೋದಲ್ಲಿ ಕಾಣುವ ರೂಪ, ದಂಡೆಯ ಮೇಲಿನ ಅವಶೇಷ, ಈ ಮೂರೂ ಕೂಡಿದರೆ ಮಾತ್ರ ಹೌದು ಎನ್ನಿ.

ಮೊದಲು ಫೋಟೋ. ಕನಿಷ್ಠ 600 ಡಿಪಿಐಗೆ ಸ್ಕ್ಯಾನ್ ಮಾಡಿಸಿ, ಮೊಬೈಲಿನಲ್ಲಿ ತೆಗೆದದ್ದು ಸಾಲದು. ಮೂತಿಯ ಎರಡೂ ಬದಿ ನೋಂದಣಿ ನಂಬರಿನ ಕುರುಹು ಇದೆಯೇ, ಕ್ಯಾಬಿನ್ ಮುಂದಿದೆಯೋ ಹಿಂದಿದೆಯೋ, ಹಿಂಬದಿಯಲ್ಲಿ ಬಲೆ ಎಳೆಯುವ ಕಬ್ಬಿಣದ ಕಮಾನು ಮತ್ತು ವಿಂಚ್ (ಹಗ್ಗ ಸುತ್ತುವ ಯಂತ್ರ) ಇದೆಯೇ, ನೋಡಿ ಬರೆದಿಡಿ. ಕರ್ನಾಟಕದ ಕರಾವಳಿಯಲ್ಲಿ ಮೀನಿನ ಗುಂಪನ್ನು ಸುತ್ತುಗಟ್ಟಿ ಹಿಡಿಯುವ ಪರ್ಸೀನ್ ಬಲೆ ದೊಡ್ಡ ಪ್ರಮಾಣದಲ್ಲಿ ಬಂದದ್ದು 1975ರ ಸುಮಾರಿಗೆ. ಆ ಬೋಟುಗಳಲ್ಲಿ ಕೆಲವನ್ನು ಮುಂದೆ ಟ್ರಾಲ್‌ಗೆ ಬದಲಿಸಿಕೊಂಡದ್ದೂ ಇದೆ. ಆದ್ದರಿಂದ ಈಗ ವಿಂಚ್ ಇದೆ ಎಂದಮಾತ್ರಕ್ಕೆ ಅದು ಹುಟ್ಟಾ ಟ್ರಾಲ್ ಬೋಟು ಅಲ್ಲ.

ದಂಡೆಗೆ ಹೋಗಲು ಸೆಪ್ಟೆಂಬರ್ ಒಳ್ಳೆಯದು. ಮಳೆಗಾಲದ ಅಲೆ ದಂಡೆಯ ಉಸುಕನ್ನು ಕೊಚ್ಚಿ ಒಯ್ದಿರುತ್ತದೆ, ಆಗ ಬೋಟಿನ ಹೆಚ್ಚು ಭಾಗ ಮೇಲೆ ಕಾಣುತ್ತದೆ. ಬೇಸಿಗೆ ಬರುವಷ್ಟರಲ್ಲಿ ಉಸುಕು ಮತ್ತೆ ತುಂಬಿಕೊಳ್ಳುತ್ತದೆ. ಅಮಾವಾಸ್ಯೆ ಇಲ್ಲವೇ ಹುಣ್ಣಿಮೆಯ ಹತ್ತಿರದ ದಿನ ಆರಿಸಿ, ನೀರು ಪೂರ್ತಿ ಇಳಿಯುವ ಹೊತ್ತಿಗೆ ಒಂದು ತಾಸು ಮುಂಚೆಯೇ ಅಲ್ಲಿರಿ. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ.

ಒಯ್ಯಬೇಕಾದದ್ದು 30 ಮೀಟರ್ ಟೇಪು, ಟಾರ್ಚು, ಸಣ್ಣ ಅಯಸ್ಕಾಂತ, ಸೀಮೆಸುಣ್ಣ. ಮೂತಿಯಿಂದ ಹಿಂಬದಿವರೆಗೆ ಒಂದು ಅಳತೆ, ಕೀಲಿನದು ಇನ್ನೊಂದು. ಎರಡನ್ನೂ ಬೇರೆ ಬೇರೆ ಬರೆಯಿರಿ, ಇವನ್ನು ಕಲಸಿಕೊಳ್ಳುವುದೇ ಎಲ್ಲರೂ ಮಾಡುವ ತಪ್ಪು. ಆ ಕಾಲದಲ್ಲಿ 32 ಅಡಿ (9.75 ಮೀಟರ್) ಮತ್ತು 36 ಅಡಿ (10.97 ಮೀಟರ್) ಬೋಟುಗಳು ಹೆಚ್ಚು. ಒಂದೇ ನಕ್ಷೆಯಿಂದ ಹಲವು ಬೋಟು ಕಟ್ಟುತ್ತಿದ್ದರು. ಹಾಗಾಗಿ ಉದ್ದ ಕೂಡಿದರೆ ಅರ್ಧ ಕೆಲಸ, ಕೂಡದಿದ್ದರೆ ಹುಡುಕಾಟ ಅಲ್ಲಿಗೇ ಮುಗಿಯಿತು.

ನಂಬರ್ ಹುಡುಕಲು ಬಣ್ಣ ಕೆರೆಯಬೇಡಿ. ಮೂತಿಯ ಹಲಗೆಗೆ ಟಾರ್ಚನ್ನು ಒರಗಿಸಿ ಹಿಡಿದು ಬೆಳಕನ್ನು ಅಡ್ಡಲಾಗಿ ಬಿಡಿ. ಬಣ್ಣವಿದ್ದ ಕಡೆ ಕಟ್ಟಿಗೆ ಬಿಸಿಲಿಗೆ ಕಡಿಮೆ ಸವೆದಿರುತ್ತದೆ, ಆದ್ದರಿಂದ ಬಣ್ಣ ಉದುರಿ ಎಷ್ಟೋ ವರ್ಷವಾದರೂ ಅಕ್ಷರ ಕೂದಲೆಳೆಯಷ್ಟು ಉಬ್ಬಿ ನಿಂತಿರುತ್ತದೆ. ಬರಿಗಣ್ಣಿಗೆ ಏನೂ ಕಾಣದ ಕಡೆ ಬೆರಳಾಡಿಸಿದರೆ ತಿಳಿಯುವುದುಂಟು. ಐಎನ್‌ಡಿ-ಕೆಎ ಎಂದು ಶುರುವಾಗುವ ನಂಬರ್ ಸಿಕ್ಕರೆ ಬೋಟು ಇತ್ತೀಚಿನವರೆಗೂ ಓಡಿದೆ ಎಂದರ್ಥ. ದೇಶಕ್ಕೆಲ್ಲ ಒಂದೇ ಮಾದರಿಯ ನೋಂದಣಿ ಬಂದದ್ದು 2008ರ ಮುಂಬೈ ದಾಳಿಯ ನಂತರ.

ಎಂಜಿನ್ ಗುಜರಿಗೆ ಹೋಗಿದ್ದರೂ ಅದು ಕೂತಿದ್ದ ಎರಡು ತೊಲೆ ಉಳಿದಿರುತ್ತವೆ. ಅವುಗಳ ನಡುವಿನ ಅಂತರ, ಬೋಲ್ಟ್ ತೂತುಗಳ ಸಾಲು ಅಳೆಯಿರಿ. ಎರಡು ಜೊತೆ ತೂತಿದ್ದರೆ ಎಂಜಿನ್ ಬದಲಾಗಿರುವ ಸಾಧ್ಯತೆ ಹೆಚ್ಚು. ಮೊಳೆಗೆ ಅಯಸ್ಕಾಂತ ಹಿಡಿದು ನೋಡಿ: ತಾಮ್ರದ್ದು ಅಂಟುವುದಿಲ್ಲ, ಕಬ್ಬಿಣದ್ದು ಅಂಟುತ್ತದೆ. ಒಂದು ಭಾಗದಲ್ಲಿ ಮಾತ್ರ ಬೇರೆ ಮೊಳೆ ಕಂಡರೆ ಅದು ರಿಪೇರಿ, ಆ ಗುರುತು ಫೋಟೋದಲ್ಲಿದೆಯೇ ಹೋಲಿಸಿ. ಡೆಕ್ ಹತ್ತಲೇಬೇಡಿ. ಕಟ್ಟಿಗೆ ಕೊರೆಯುವ ಕಡಲ ಹುಳು ಹೊರಗೆ ಸೂಜಿಮೊನೆಯಷ್ಟೇ ತೂತು ಮಾಡಿ ಒಳಗೆಲ್ಲ ಜೇನುಹುಟ್ಟಿನಂತೆ ಟೊಳ್ಳು ಮಾಡಿರುತ್ತದೆ. ಇನ್ನು ಕಳಚಿ ಬಿದ್ದ ತುಂಡನ್ನೂ ಮನೆಗೆ ತರಬೇಡಿ. ವಾರಸುದಾರರಿಲ್ಲದ ನೌಕೆಗೂ ಕಾನೂನಿದೆ.

ಕಾಗದದ ವಿಷಯ. ಕಾರವಾರ 1956ರ ನವೆಂಬರ್‌ವರೆಗೆ ಬೆಳಗಾವಿ, ವಿಜಾಪುರಗಳಂತೆಯೇ ಮುಂಬೈ ರಾಜ್ಯದಲ್ಲಿತ್ತು, ಅದಕ್ಕೂ ಹಿಂದಿನ ಬೋಟಾದರೆ ಮುಂಬೈ ಕಡತ ನೋಡಬೇಕಾಗುತ್ತದೆ. ನಿಮ್ಮದಕ್ಕೆ ಕಾರವಾರದ ಮೀನುಗಾರಿಕೆ ಇಲಾಖೆಯಿಂದ ಶುರು ಮಾಡಿ. ನಾರ್ವೆ ನೆರವಿನ ಮೀನುಗಾರಿಕೆ ಅಭಿವೃದ್ಧಿಯ ಇಂಡೋ-ನಾರ್ವೇಜಿಯನ್ ಯೋಜನೆ 1963ರಲ್ಲಿ ಕಾರವಾರಕ್ಕೂ ವಿಸ್ತರಿಸಿದ್ದರಿಂದ ಬೋಟಿಗೆ ಅದರ ಸಂಬಂಧವಿತ್ತೇ ಎಂದೂ ಕೇಳಿ. ಬೋಟುಗಳ ನೋಂದಣಿಗೆ ಆಧಾರವಾದ ರಾಜ್ಯದ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆ 1986ರದ್ದು. ಅದಕ್ಕೂ ಮೊದಲು ಕೈಬಿಟ್ಟ ಬೋಟಾದರೆ ಮೀನುಗಾರರ ಸಹಕಾರ ಸಂಘದ ಸಾಲದ ಲೆಡ್ಜರ್ ನೋಡಿ. ಸಾಲ ಕೊಡುವಾಗ ಉದ್ದ, ಎಂಜಿನ್, ಮಾಲಕರ ಹೆಸರು ಬರೆಸಿಕೊಳ್ಳದೆ ಬಿಡುತ್ತಿರಲಿಲ್ಲ.

ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ, ಒಂದೇ ವಿಷಯ, 150 ಪದದೊಳಗೆ. ‘ಬೋಟಿನ ಇತಿಹಾಸ ಕೊಡಿ’ ಎಂದರೆ ‘ಲಭ್ಯವಿಲ್ಲ’ ಎಂಬ ಉತ್ತರ ಬರುತ್ತದೆ. ‘ಇಂಥ ವರ್ಷದಿಂದ ಇಂಥ ವರ್ಷದವರೆಗಿನ ರಿಜಿಸ್ಟರಿನಲ್ಲಿ ಈ ಹೆಸರಿರುವ ಪುಟಗಳ ದೃಢೀಕೃತ ನಕಲು’ ಎಂದು ಕೇಳಿ. ಕಡತ ಬೇರೆ ಕಚೇರಿಯಲ್ಲಿದ್ದರೆ ಐದು ದಿನದೊಳಗೆ ಅವರೇ ಅಲ್ಲಿಗೆ ಕಳಿಸಬೇಕು.

ಹಿರಿಯ ತಾಂಡೇಲರನ್ನು (ಬೋಟು ನಡೆಸುವವರನ್ನು) ಕಾಣಲು ಜೂನ್ 1ರಿಂದ ಜುಲೈ 31ರ ಮೀನುಗಾರಿಕೆ ನಿಷೇಧದ ಅವಧಿ ಅನುಕೂಲ, ಯಾಂತ್ರಿಕ ಬೋಟುಗಳೆಲ್ಲ ಬಂದರಿನಲ್ಲೇ ಇರುತ್ತವೆ. ಫೋಟೋದಲ್ಲಿನ ಹೆಸರು ಮುಚ್ಚಿ ‘ಇದು ಯಾವ ಬೋಟು?’ ಎಂದು ಒಬ್ಬೊಬ್ಬರನ್ನೇ ಕೇಳಿ. ‘ಇದು ಅದೇ ಅಲ್ಲವೇ?’ ಎಂದರೆ ಬಂದವರ ಮನಸ್ಸು ನೋಯಿಸಬಾರದೆಂದು ಹೌದು ಎನ್ನುವವರೇ ಹೆಚ್ಚು.

ಪ್ರಶ್ನೆ: ಆಲಮಟ್ಟಿ ಹಿನ್ನೀರು ಇಳಿದಾಗ ನಮ್ಮಲ್ಲಿ ಒಂದು ಕಬ್ಬಿಣದ ನಾವೆ ಕಾಣುತ್ತದೆ. ಅದರ ವಯಸ್ಸು ತಿಳಿಯಬಹುದೇ?
(ಓದುಗರು, ಬಾಗಲಕೋಟೆ)

ಉತ್ತರ: ತಗಡಿನ ಜೋಡಣೆ ನೋಡಿ. ಸಾಲಾಗಿ ಗುಂಡು ತಲೆಯ ರಿವೆಟ್ ಇದ್ದರೆ ಹಳೆಯ ಪದ್ಧತಿ, ಬೆಸುಗೆಯ ಉಬ್ಬುಗೆರೆ ಇದ್ದರೆ ಬಹುಮಟ್ಟಿಗೆ ಸ್ವಾತಂತ್ರ್ಯಾನಂತರದ್ದು. ಸಿಹಿನೀರಿನಲ್ಲಿ ಕಡಲ ಹುಳುವಿನ ಕಾಟವಿಲ್ಲ. ಆದರೆ ಪ್ರತಿ ವರ್ಷ ಮುಳುಗಿ ಏಳುವುದರಿಂದ ನೀರಿನ ಗೆರೆಯ ಹತ್ತಿರ ತಗಡು ಬೇಗ ತೆಳುವಾಗುತ್ತದೆ. ತಗಡಿನ ದಪ್ಪದ ಅಳತೆಯನ್ನು ಅಲ್ಲಿ ತೆಗೆದುಕೊಳ್ಳದೆ ಕೆಸರಿನ ಮಟ್ಟದ ಹತ್ತಿರ ತೆಗೆದುಕೊಳ್ಳಿ.

ಪ್ರಶ್ನೆ: ಸಮುದ್ರದ ತಳದಲ್ಲಿರುವ ಬೋಟನ್ನು ಹೇಗೆ ಪತ್ತೆ ಹಚ್ಚುತ್ತಾರೆ?
(ಓದುಗರು, ಗೋಕಾಕ)

ಉತ್ತರ: ಹಡಗಿನಿಂದ ಎರಡೂ ಪಕ್ಕಕ್ಕೆ ಶಬ್ದದ ಅಲೆ ಬಿಡುವ ಸೋನಾರ್‌ನಿಂದ. ತಳದಿಂದ ಎದ್ದು ನಿಂತ ವಸ್ತುವಿನ ಹಿಂದೆ ಶಬ್ದ ತಲುಪದೆ ಒಂದು ನೆರಳು ಮೂಡುತ್ತದೆ, ಆ ನೆರಳಿನ ಉದ್ದದಿಂದ ಎತ್ತರ ಲೆಕ್ಕ ಹಾಕುತ್ತಾರೆ. 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಏಳು ಮೀನುಗಾರರೊಂದಿಗೆ ಹೊರಟು ಕಣ್ಮರೆಯಾದ ‘ಸುವರ್ಣ ತ್ರಿಭುಜ’ ಬೋಟಿನ ಅವಶೇಷ 2019ರ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಮಾಲವಣದ ಆಚೆ, ಸುಮಾರು 60 ಮೀಟರ್ ಆಳದಲ್ಲಿ ಸಿಕ್ಕಿತು. ನೌಕಾಪಡೆಯ ಐಎನ್‌ಎಸ್ ನಿರೀಕ್ಷಕ್ ಅದನ್ನು ಪತ್ತೆ ಹಚ್ಚಿತು. ಸೋನಾರ್ ತೋರಿಸುವುದು ಆಕಾರ ಮಾತ್ರ. ಯಾವ ಬೋಟು ಎಂಬುದು ಖಾತ್ರಿಯಾಗಬೇಕಾದರೆ ಮುಳುಗುಗಾರರಾಗಲಿ ಕ್ಯಾಮೆರಾ ಆಗಲಿ ಕೆಳಗಿಳಿದು ಹೆಸರು, ನಂಬರ್ ನೋಡಲೇಬೇಕು.