ನಿಂಬೆಹಣ್ಣಿಲ್ಲದ ನಿಂಬೆ ಉಪ್ಪು

ಪ್ರಶ್ನೆ: ಪನೀರ್ ಮಾಡಲು, ಬೇಸಿಗೆಯಲ್ಲಿ ಶರಬತ್ತಿಗೆ ಅಂಗಡಿಯಿಂದ ನಿಂಬೆ ಉಪ್ಪು ತರುತ್ತೇನೆ. ಅದು ನಿಂಬೆಹಣ್ಣಿನದಲ್ಲ, ಈರುಳ್ಳಿ ಮೇಲೆ ಬರುವ ಕಪ್ಪು ಬೂಷ್ಟಿನದು ಎಂದು ಕಾಲೇಜಿಗೆ ಹೋಗುವ ಮಗ ಹೇಳುತ್ತಾನೆ. ನಿಜವೇ? ಹಾಗಿದ್ದರೆ ಅಡುಗೆಗೆ ಬಳಸಬಹುದೇ?
– ಓದುಗರೊಬ್ಬರು, ಹಾಸನ

ಉತ್ತರ: ನಿಮ್ಮ ಮಗ ಹೇಳಿದ್ದು ಹೆಚ್ಚುಕಡಿಮೆ ನಿಜ. ನಿಂಬೆ ಉಪ್ಪು ಅಂದರೆ ಸಿಟ್ರಿಕ್ ಆಸಿಡ್. ಅದನ್ನು ಮಾಡಿಕೊಡುವುದು ಆಸ್ಪರ್‌ಜಿಲಸ್ ನೈಜರ್ ಎಂಬ ಕಪ್ಪು ಬೂಷ್ಟು. ಈರುಳ್ಳಿ ಸುಲಿಯುವಾಗ ಮಸಿಯ ಹಾಗೆ ಕೈಗೆ ಅಂಟುತ್ತದಲ್ಲ, ಆ ಪುಡಿಯೂ ಇದೇ ಗುಂಪಿನದು. ಆದರೆ ಕಾರ್ಖಾನೆಯವರು ಬಳಸುವುದು ಆರಿಸಿ ಸಾಕಿದ ತಳಿಯನ್ನು.

ಹಿಂದೆ ಇಟಲಿಯ ನಿಂಬೆರಸದಿಂದಲೇ ಇದನ್ನು ತೆಗೆಯುತ್ತಿದ್ದರು. ಮೊದಲ ಮಹಾಯುದ್ಧದಲ್ಲಿ ಆ ಸರಕು ಸಿಗುವುದು ಕಷ್ಟವಾಯಿತು. ತುಂಬ ಹುಳಿಯಾದ ಸಕ್ಕರೆ ನೀರಿನಲ್ಲೂ ಈ ಬೂಷ್ಟು ಚೆನ್ನಾಗಿ ಬೆಳೆದು ಆಸಿಡ್ ಕೊಡುತ್ತದೆ ಎಂದು ಅಮೆರಿಕದ ಜೇಮ್ಸ್ ಕರ್ರಿ 1917ರಲ್ಲಿ ತೋರಿಸಿದರು. 1919ರಲ್ಲಿ ಫೈಜರ್ ಕಂಪನಿ ಬ್ರೂಕ್ಲಿನ್‌ನಲ್ಲಿ ಉತ್ಪಾದನೆ ಶುರುಮಾಡಿತು. ಈಗ ಪ್ರಪಂಚದಲ್ಲಿ ವರ್ಷಕ್ಕೆ 20 ಲಕ್ಷ ಟನ್‌ಗೂ ಜಾಸ್ತಿ ತಯಾರಾಗುತ್ತದೆ.

ಬೂಷ್ಟು ಯಾಕೆ ಆಸಿಡ್ ಹೊರಹಾಕುತ್ತದೆ? ನನಗೆ ಇಂದಿಗೂ ಬೆರಗು ಹುಟ್ಟಿಸುವುದು ಇದೇ. ಸಕ್ಕರೆಯಿಂದ ಶಕ್ತಿ ಮಾಡಿಕೊಳ್ಳುವ ದಾರಿಯಲ್ಲಿ ಸಿಟ್ರಿಕ್ ಆಸಿಡ್ ನಡುವೆ ಬಂದು ಹೋಗುತ್ತದೆ. ನಮ್ಮ ಮೈಯಲ್ಲೂ ಹಾಗೇ. ಸಾಮಾನ್ಯವಾಗಿ ಅದು ಉಳಿಯುವುದಿಲ್ಲ. ಬೂಷ್ಟಿಗೆ ಸಕ್ಕರೆ ಮತ್ತು ಗಾಳಿ ಯಥೇಚ್ಛ ಕೊಟ್ಟು, ಮ್ಯಾಂಗನೀಸ್ ಎಂಬ ಲೋಹ ಮಾತ್ರ ಕೊಡದಿದ್ದರೆ ಅದರ ಬೆಳವಣಿಗೆ ಕುಂಟುತ್ತದೆ. ಸಕ್ಕರೆ ಒಳಗೆ ಬರುತ್ತಲೇ ಇರುತ್ತದೆ. ಆಗ ಸಿಟ್ರಿಕ್ ಆಸಿಡ್ ತುಂಬಿ ಹೊರಗೆ ಚೆಲ್ಲುತ್ತದೆ. ಲೀಟರಿಗೆ ಕೆಲವೇ ಮೈಕ್ರೋಗ್ರಾಂ ಮ್ಯಾಂಗನೀಸ್ ಸೇರಿದರೂ ಆಸಿಡ್ ಕಡಿಮೆಯಾಗುತ್ತದೆ. ಒಂದು ಗ್ರಾಂನ ಹತ್ತು ಲಕ್ಷದಲ್ಲಿ ಒಂದು ಪಾಲು ಒಂದು ಮೈಕ್ರೋಗ್ರಾಂ!

ಇದನ್ನು ನಾನು ಕಲಿತದ್ದು ಪೆಟ್ಟು ತಿಂದೇ. ಎಂಎಸ್ಸಿ ಓದುವಾಗ ಲೀಟರಿಗೆ 150 ಗ್ರಾಂ ಸಕ್ಕರೆ ಹಾಕಿ ಫ್ಲಾಸ್ಕುಗಳಲ್ಲಿ ಇದನ್ನೇ ಬೆಳೆಸುತ್ತಿದ್ದೆ. ಒಂದು ದಿನ ಡಿಸ್ಟಿಲ್ಡ್ ನೀರು ಮುಗಿದಿತ್ತು. ಬೋರ್‌ವೆಲ್ ನೀರು ಹಾಕಿಬಿಟ್ಟೆ. ಯಾವಾಗಲೂ ಗಸಗಸೆಯಂಥ ಸಣ್ಣ ಉಂಡೆಗಳಾಗುತ್ತಿದ್ದ ಬೂಷ್ಟು, ಆ ಸಲ ಅಂಬಲಿಯ ಹಾಗೆ ಫ್ಲಾಸ್ಕಿನ ತುಂಬ ಹಬ್ಬಿತು. ನೋಡಲು ಎಷ್ಟು ಸೊಂಪು! ಆಸಿಡ್ ಮಾತ್ರ ಹೆಸರಿಗಷ್ಟೇ. ಹತ್ತು ದಿನದ ಕೆಲಸ ಚರಂಡಿಗೆ ಹೋಯಿತು. ಆ ನೀರಿನಲ್ಲಿ ಬಂದ ಲೋಹವೇ ಕಾರಣ ಎಂದು ನಮ್ಮ ಮೇಡಂ ಕೂರಿಸಿಕೊಂಡು ವಿವರಿಸಿದರು.

ಇನ್ನು ಅಡುಗೆಯ ಮಾತು. ಆಸಿಡ್ ಬಂದ ಮೇಲೆ ಬೂಷ್ಟನ್ನು ಸೋಸಿ ತೆಗೆಯುತ್ತಾರೆ. ಸುಣ್ಣ ಹಾಕಿ ಸಿಟ್ರಿಕ್ ಆಸಿಡ್ಡನ್ನು ತಳಕ್ಕೆ ಕೂರಿಸಿ, ಗಂಧಕಾಮ್ಲದಿಂದ ಮತ್ತೆ ಬಿಡಿಸಿ, ಶುದ್ಧಮಾಡಿ ಹರಳುಗಟ್ಟಿಸುವುದು ಹಳೆಯ ಕ್ರಮ. ನಿಂಬೆರಸದಲ್ಲಿರುವ ಸಿಟ್ರಿಕ್ ಆಸಿಡ್ಡಿಗೂ ಇದಕ್ಕೂ ಅಣುವಿನಲ್ಲಿ ವ್ಯತ್ಯಾಸವಿಲ್ಲ. ಪ್ಯಾಕೆಟ್ ಮೇಲೆ ಆಹಾರಕ್ಕೆ ಎಂದಿರುವುದನ್ನೇ ತನ್ನಿ, ಧೈರ್ಯವಾಗಿ ಬಳಸಿ. ಆದರೆ ಶರಬತ್ತಿಗೆ ನಾನಂತೂ ನಿಂಬೆಹಣ್ಣನ್ನೇ ಹಿಂಡುತ್ತೇನೆ. ಆ ಪರಿಮಳ ಈ ಪುಡಿಯಲ್ಲಿಲ್ಲ.

ಈರುಳ್ಳಿಯ ವಿಷಯ ಬೇರೆ. ಆ ಗುಂಪಿನ ಕೆಲವು ತಳಿಗಳು ವಿಷವನ್ನೂ ಮಾಡುತ್ತವೆ. ಕಪ್ಪು ಮೇಲಿನ ಒಣ ಸಿಪ್ಪೆಯಲ್ಲಷ್ಟೇ ಇದ್ದರೆ ಸುಲಿದು, ತೊಳೆದು ಬಳಸಿ. ಒಳಗಿನ ಪದರ ಮೆತ್ತಗಾಗಿದ್ದರೆ ಇಡೀ ಗಡ್ಡೆ ಎಸೆಯಿರಿ.