ಮಚ್ಚು, ಗುರುತಿನ ಚೀಟಿ, ಸಂಜೆಯ ಓದು

“ಯುದ್ಧ, ನರಮೇಧಗಳಿಂದ ಕಲಿಯೋ ಪಾಠ ಅಂದ್ರೆ ‘ದ್ವೇಷ ಕೆಟ್ಟದ್ದು’ ಅನ್ನೋದಷ್ಟೇನಾ? ನಾನಾಗಿದ್ದಿದ್ರೆ ಖಂಡಿತ ಯಾರನ್ನಾದ್ರೂ ಮನೇಲಿ ಬಚ್ಚಿಟ್ಟು ಕಾಪಾಡ್ತಿದ್ದೆ” ಅಂತ ಬರೆದಿದ್ದೀರಿ. ನಿಮ್ಮ ಎರಡನೇ ವಾಕ್ಯ ಓದಿದ ಮೇಲೆ ಸುಮ್ಮನಿರಲಾಗಲಿಲ್ಲ. ಹಿಂದೆ ನಾನೂ ಇದೇ ಮಾತು ಆಡುತ್ತಿದ್ದೆ.

ಆಫ್ರಿಕಾದ ರುವಾಂಡಾ ದೇಶದ ಹುಯೆ ಎಂಬ ಊರಿನ ಕಾಲೇಜೊಂದರಲ್ಲಿ ಎರಡು ವರ್ಷ ಎಲೆಕ್ಟ್ರಿಕಲ್ ಪಾಠ ಮಾಡಿದ್ದೇನೆ. ಊರಿನ ಹಳೇ ಹೆಸರು ಬುಟಾರೆ. ಹೋದ ಮೂರನೇ ವಾರಕ್ಕೆ ತಿಂಗಳ ಕೊನೇ ಶನಿವಾರ ಬಂತು. ಅಲ್ಲಿ ಅವತ್ತು ಬೆಳಗ್ಗೆ ‘ಉಮುಗಾಂಡಾ’. ಅಂಗಡಿಗಳೆಲ್ಲ ಬಂದ್, ಊರಿಗೆ ಊರೇ ಬೀದಿಗಿಳಿದು ಚರಂಡಿ ತೋಡುತ್ತೆ, ಗಿಡಗಂಟಿ ಸವರುತ್ತೆ. ಪಕ್ಕದ ಮನೆಯ ಬಡಗಿ, ಅರವತ್ತರ ಆಸುಪಾಸಿನ ಮನುಷ್ಯ, ನನ್ನ ಕೈಗೊಂದು ಮಚ್ಚು ಕೊಟ್ಟ. ಹಿಡಿಗೆ ಸೈಕಲ್ ಟ್ಯೂಬ್ ಸುತ್ತಿತ್ತು, ಅಲಗು ಮಸೆದೂ ಮಸೆದೂ ನಡುವೆ ತೆಳ್ಳಗಾಗಿತ್ತು. ಇಬ್ಬರೂ ರಸ್ತೆ ಬದಿಯ ಪೊದೆ ಕಡಿಯುತ್ತಾ ಹೋದೆವು. ಕಡಿಯುತ್ತಲೇ ಮನಸ್ಸಿನಲ್ಲಿ ಲೆಕ್ಕ ಹಾಕಿದೆ: 1994ರಲ್ಲಿ ಈತನಿಗೆ ಎಷ್ಟು ವಯಸ್ಸು? ಅಲ್ಲಿಗೆ ಹೋದ ಪರದೇಶದವರೆಲ್ಲ ಎದುರು ಸಿಕ್ಕವರ ಮೇಲೆಲ್ಲ ಈ ಲೆಕ್ಕ ಹಾಕುತ್ತಾರೆ. ಅಸಹ್ಯದ ಚಾಳಿ, ಆದರೂ ಬಿಡಲ್ಲ.

ಗೊತ್ತಿಲ್ಲದವರಿಗೆ ಹಿನ್ನೆಲೆ ಹೇಳಿಬಿಡುತ್ತೇನೆ. 1994ರ ಏಪ್ರಿಲ್ 6ರ ರಾತ್ರಿ ಅಧ್ಯಕ್ಷ ಹಬ್ಯಾರಿಮಾನನ ವಿಮಾನವನ್ನು ಹೊಡೆದುರುಳಿಸಿದರು. ಮಾರನೇ ದಿನದಿಂದ ಸುಮಾರು ನೂರು ದಿನಗಳಲ್ಲಿ ಬಹುಸಂಖ್ಯಾತ ಹುಟು ಸಮುದಾಯದ ತೀವ್ರವಾದಿಗಳು ಅಲ್ಪಸಂಖ್ಯಾತ ಟುಟ್ಸಿ ಸಮುದಾಯದವರನ್ನೂ ಹತ್ಯೆಯನ್ನು ವಿರೋಧಿಸಿದ ಹುಟುಗಳನ್ನೂ ಕೊಂದರು. ವಿಶ್ವಸಂಸ್ಥೆಯ ಅಂದಾಜು 8 ಲಕ್ಷ, ಅಲ್ಲಿನ ಸರ್ಕಾರದ ಲೆಕ್ಕ 10 ಲಕ್ಷಕ್ಕೂ ಮೇಲೆ. ಹೆಚ್ಚಿನ ಕಡೆ ಕೊಂದವರು ಅಕ್ಕಪಕ್ಕದವರೇ, ಆಯುಧ ಮನೆಮನೆಯಲ್ಲೂ ಇರುವ ಈ ಮಚ್ಚೇ. ಜಗತ್ತು ಅದೇ ಏಪ್ರಿಲ್ 21ರಂದು ಅಲ್ಲಿದ್ದ ಶಾಂತಿಪಡೆಯನ್ನು 270 ಜನಕ್ಕೆ ಇಳಿಸುವ ನಿರ್ಣಯ ಮಾಡಿ ಕೈ ತೊಳೆದುಕೊಂಡಿತು.

ರೇಡಿಯೋದಲ್ಲಿ ಟುಟ್ಸಿಗಳನ್ನು ‘ಇನ್ಯೆನ್ಜಿ’ ಅಂದರೆ ಜಿರಳೆ ಅಂತ ಕರೆಯುತ್ತಿದ್ದರು ಅನ್ನೋದನ್ನು ನೀವೂ ಎಲ್ಲೋ ಓದಿರುತ್ತೀರಿ. ನನ್ನ ನಿದ್ದೆ ಕೆಡಿಸಿದ್ದು ಆ ಪದವಲ್ಲ, ‘ಗುಕೋರಾ’. ಅಂದರೆ ಕೆಲಸ ಮಾಡೋದು. ಕೊಲ್ಲಲು ಹೋಗೋದಕ್ಕೆ ‘ಕೆಲಸಕ್ಕೆ ಹೋಗೋದು’ ಅನ್ನುತ್ತಿದ್ದರು, ಬಚ್ಚಿಟ್ಟುಕೊಂಡವರನ್ನು ಹುಡುಕೋದಕ್ಕೆ ಪೊದೆ ಸವರೋದು. ನಾವು ಅವತ್ತು ಮಾಡಿದೆವಲ್ಲ, ಆ ಉಮುಗಾಂಡಾವನ್ನು ಕಡ್ಡಾಯ ಮಾಡಿದ್ದೇ 1970ರ ದಶಕದಲ್ಲಿ ಹಬ್ಯಾರಿಮಾನನ ಸರ್ಕಾರ. ಹೇಳಿದ ದಿನ ಹೇಳಿದ ಜಾಗಕ್ಕೆ ಉಪಕರಣ ಹಿಡಿದು ಬರೋದು, ಮುಖಂಡ ಹಾಜರಿ ನೋಡೋದು ಇಪ್ಪತ್ತು ವರ್ಷಗಳಿಂದ ಅಭ್ಯಾಸವಾಗಿತ್ತು. 1994ರಲ್ಲಿ ಹೊಸದಾಗಿ ಏನನ್ನೂ ಕಟ್ಟಬೇಕಾಗಲಿಲ್ಲ. ಕರೆದಾಗ ಬರುವ ಜನ, ಹೇಳಿದ ಮಾತು ಮೀರದ ಜನ, ಊರಿನ ಕೆಲಸಕ್ಕೆ ತಪ್ಪಿಸಿಕೊಳ್ಳದ ಜನ. ನಮ್ಮ ಕಡೆ ಇಂಥವರನ್ನೇ ಒಳ್ಳೆಯವರು ಅನ್ನುತ್ತೇವೆ.

ಬುಟಾರೆಯಲ್ಲೇ ಅದರ ಉದಾಹರಣೆ ಇದೆ. ಆ ಪ್ರಾಂತ್ಯದ ಆಡಳಿತಾಧಿಕಾರಿ ಜಾನ್ ಬ್ಯಾಪ್ಟಿಸ್ಟ್ ಹಬ್ಯಾಲಿಮಾನಾ ಹತ್ತಿರ ಹತ್ತಿರ ಎರಡು ವಾರ ಹತ್ಯಾಕಾಂಡ ಶುರುವಾಗದ ಹಾಗೆ ತಡೆದು ನಿಂತಿದ್ದರು. ಅವರನ್ನು ಕೆಲಸದಿಂದ ತೆಗೆದರು, ಆಮೇಲೆ ಕೊಂದರು. ಏಪ್ರಿಲ್ 19ರಂದು ಹಂಗಾಮಿ ಅಧ್ಯಕ್ಷ ಸಿಂಡಿಕುಬ್ವಾಬೋ ಊರಿಗೆ ಬಂದು ಭಾಷಣ ಮಾಡಿದ. ‘ಇದು ನಮಗೆ ಸಂಬಂಧಿಸಿದ್ದಲ್ಲ’ ಅನ್ನುವವರನ್ನು ಗೇಲಿ ಮಾಡಿ, ಅಂಥವರು ಬದಿಗೆ ಸರಿದು ಕೆಲಸ ಮಾಡುವವರಿಗೆ ದಾರಿ ಬಿಡಲಿ ಎಂಬರ್ಥದಲ್ಲಿ ಮಾತಾಡಿದ. ಕೊಲ್ಲಿ ಅನ್ನುವ ಪದ ಬೇಕಾಗಲಿಲ್ಲ. ಅವತ್ತಿನಿಂದ ಊರು ಹತ್ತಿಕೊಂಡಿತು.

ಇನ್ನೊಬ್ಬನ ಕಥೆ ಇದಕ್ಕಿಂತ ನಮಗೆ ಹತ್ತಿರದ್ದು. ಟಾಬಾ ಎಂಬ ಕಡೆಯ ಮೇಯರ್ ಜಾನ್ ಪಾಲ್ ಅಕಾಯೆಸು ಮೊದಲು ಮೇಷ್ಟ್ರಾಗಿದ್ದವನು. ಏಪ್ರಿಲ್ 18ರವರೆಗೆ ತನ್ನ ಊರಲ್ಲಿ ಕೊಲೆ ಆಗದಂತೆ ತಡೆದಿದ್ದ ಅಂತ ಕೋರ್ಟೇ ಒಪ್ಪಿಕೊಂಡಿದೆ. ಅವತ್ತು ಪ್ರಧಾನಿ ಮೇಯರ್‌ಗಳ ಸಭೆ ಕರೆದ. ಸಭೆ ಮುಗಿಸಿ ಬಂದ ಮೇಲೆ ಈತ ಬೇರೆಯೇ ಮನುಷ್ಯ. ಟಾಬಾದಲ್ಲಿ ಕನಿಷ್ಠ 2000 ಜನ ಸತ್ತರು. 1998ರ ಸೆಪ್ಟೆಂಬರ್ 2ರಂದು ತಾಂಜಾನಿಯಾದ ಅರುಶಾದಲ್ಲಿದ್ದ ಅಂತರರಾಷ್ಟ್ರೀಯ ನ್ಯಾಯಮಂಡಳಿ ಈತನನ್ನು ಅಪರಾಧಿ ಅಂದಿತು. ನರಮೇಧದ ಅಪರಾಧಕ್ಕೆ ಅಂತರರಾಷ್ಟ್ರೀಯ ನ್ಯಾಯಾಲಯವೊಂದು ಕೊಟ್ಟ ಮೊದಲ ತೀರ್ಪು ಅದು. ‘ನಾನಾಗಿದ್ದಿದ್ರೆ ಕಾಪಾಡ್ತಿದ್ದೆ’ ಅಂದಿರಲ್ಲ, ಈತನೂ ಹನ್ನೊಂದು ದಿನ ಕಾಪಾಡಿದವನೇ.

ಈಗ ನನ್ನ ತಪ್ಪಿನ ವಿಷಯ. ಎರಡನೇ ತಿಂಗಳು ಕ್ಯಾಂಟೀನಿನಲ್ಲಿ ಸಹೋದ್ಯೋಗಿಯೊಬ್ಬರ ಜೊತೆ ಚಹಾ ಕುಡಿಯುತ್ತಾ, ತುಂಬ ಆಪ್ತರಾದರು ಅನ್ನುವ ಸಲಿಗೆಯಲ್ಲಿ ಕೇಳಿಬಿಟ್ಟೆ: “ನೀವು ಹುಟುನಾ, ಟುಟ್ಸಿನಾ?” ನಮ್ಮೂರಲ್ಲಿ ಬಾಡಿಗೆ ಮನೆ ಕೇಳಲು ಹೋದವನಿಗೆ “ತಾವು ಯಾವ ಪೈಕಿ?” ಅನ್ನುತ್ತಾರಲ್ಲ, ಅದೇ ಧಾಟಿ. ಅವರು ಲೋಟ ಕೆಳಗಿಟ್ಟರು. ಸಿಟ್ಟಾಗಲಿಲ್ಲ. “ಗೊತ್ತಾದರೆ ನಾಳೆಯಿಂದ ನನ್ನ ಜೊತೆ ಏನು ಬದಲಾಯಿಸ್ತೀರಿ?” ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಬಿಲ್ಲು ಅವರೇ ಕೊಟ್ಟು ಎದ್ದರು. ಸರಿಯಾಗಿ ಮಾತಾಡಲು ಎರಡು ವಾರ ಹಿಡಿಯಿತು.

ಆಮೇಲೆ ನ್ಯಮಾಟಾ ಚರ್ಚಿಗೆ ಹೋದೆ. ಆಶ್ರಯ ಕೇಳಿ ಬಂದವರನ್ನು ಸಾವಿರಗಟ್ಟಲೆ ಕೊಂದ ಜಾಗ, ಈಗ ಸ್ಮಾರಕ. ಬೆಂಚುಗಳ ಮೇಲೆ ಸತ್ತವರ ಬಟ್ಟೆ ರಾಶಿ ಹಾಕಿದ್ದಾರೆ, ಎಲ್ಲ ಒಂದೇ ಮಣ್ಣಿನ ಬಣ್ಣಕ್ಕೆ ತಿರುಗಿದೆ. ಗುರುತಿನ ಚೀಟಿಗಳೂ ಇವೆ. 1930ರ ದಶಕದಲ್ಲಿ ಬೆಲ್ಜಿಯಂನವರು ಶುರು ಮಾಡಿದ ಪದ್ಧತಿ. ಹುಟು, ಟುಟ್ಸಿ, ಟ್ವಾ (ಅಲ್ಲಿನ ಮೂರನೇ ಸಮುದಾಯ) ಅಂತ ಅಚ್ಚಾಗಿರುತ್ತಿತ್ತು, ನಿಮ್ಮದಲ್ಲದ್ದನ್ನು ಗುಮಾಸ್ತ ಗೀಟು ಹಾಕಿ ಹೊಡೆಯುತ್ತಿದ್ದ. ರಸ್ತೆ ತಡೆಗಳಲ್ಲಿ ಆ ಚೀಟಿ ನೋಡಿಯೇ ತೀರ್ಮಾನ. ಚೀಟಿ ಮಾಡಿಕೊಟ್ಟ ಗುಮಾಸ್ತನ ಮನಸ್ಸಿನಲ್ಲಿ ದ್ವೇಷ ಇದ್ದಿರಲೇಬೇಕು ಅಂತಿಲ್ಲ. ಖಾನೆ ಇತ್ತು, ತುಂಬಿದ. ಕ್ಯಾಂಟೀನಿನಲ್ಲಿ ನಾನು ಮಾಡಿದ್ದೂ ಖಾನೆ ತುಂಬುವ ಕೆಲಸವನ್ನೇ.

ಇಷ್ಟು ಹೇಳಿ ನ್ಯಾಂಗೆ ಬಗ್ಗೆ ಹೇಳದಿದ್ದರೆ ಅನ್ಯಾಯವಾಗುತ್ತೆ. ಪಶ್ಚಿಮದ ಬೆಟ್ಟಗಳ ನಡುವಿನ ಊರು. 1994ರ ಏಪ್ರಿಲ್‌ನಲ್ಲಿ ಅಲ್ಲಿನ ಚರ್ಚಿನೊಳಗೆ ಕನಿಷ್ಠ 1500 ಜನ ಇದ್ದಾಗ ಬುಲ್ಡೋಜರ್ ತಂದು ಕಟ್ಟಡವನ್ನೇ ಅವರ ಮೇಲೆ ಕೆಡವಿದರು. ಪಾದ್ರಿ ಸೆರೊಂಬಾ ಅದಕ್ಕೆ ಒಪ್ಪಿಗೆ ಕೊಟ್ಟಿದ್ದ. 2008ರಲ್ಲಿ ಅವನಿಗೆ ಜೀವಾವಧಿ ಶಿಕ್ಷೆಯಾಯಿತು. ಅದೇ ಊರಿನ ಶಾಲೆಯಲ್ಲಿ 1997ರ ಮಾರ್ಚ್ 18ರ ರಾತ್ರಿ ಮಕ್ಕಳು ಊಟ ಮುಗಿಸಿ ಓದುತ್ತಾ ಕೂತಿದ್ದರು. ಗಡಿಯಾಚೆಯಿಂದ ನುಸುಳಿ ಬಂದ ಬಂದೂಕುಧಾರಿಗಳು ತರಗತಿಗೆ ನುಗ್ಗಿ, ಹುಟುಗಳು ಒಂದು ಕಡೆ, ಟುಟ್ಸಿಗಳು ಒಂದು ಕಡೆ ನಿಲ್ಲಿ ಅಂದರು. “ನಾವೆಲ್ಲ ರುವಾಂಡಾದವರು” ಅಂತ ಉತ್ತರ ಬಂತು. ಯಾರೂ ಜಾಗ ಬಿಟ್ಟು ಕದಲಲಿಲ್ಲ. ಹುಟು ಮಕ್ಕಳು ಎರಡು ಹೆಜ್ಜೆ ಸರಿದಿದ್ದರೆ ಬದುಕುತ್ತಿದ್ದರು. ಗುಂಡು ಹಾರಿಸಿದರು, ಗ್ರೆನೇಡ್ ಎಸೆದರು. ಆರು ವಿದ್ಯಾರ್ಥಿಗಳು ಸತ್ತರು, ಹಲವರಿಗೆ ಗಾಯವಾಯಿತು. ಇವತ್ತು ಆ ತರಗತಿಯ ಮಕ್ಕಳು ರಾಷ್ಟ್ರವೀರರ ಪಟ್ಟಿಯಲ್ಲಿದ್ದಾರೆ.

ನನ್ನ ಕ್ಲಾಸಿನಲ್ಲೂ ಅದೇ ವಯಸ್ಸಿನ ಹುಡುಗ ಹುಡುಗಿಯರಿದ್ದರು. ಹಾಜರಿ ಕರೆಯುವಾಗ ಒಮ್ಮೊಮ್ಮೆ ಕೈ ನಿಂತುಬಿಡುತ್ತಿತ್ತು. ಮೇಷ್ಟ್ರಾಗಿ ಇಪ್ಪತ್ತು ವರ್ಷ “ಹೇಳಿದ ಮಾತು ಕೇಳಿ” ಅಂತಲೇ ಕಲಿಸಿದ್ದೇನೆ. ಆ ರಾತ್ರಿ ಆ ಮಕ್ಕಳು ಹೇಳಿದ ಮಾತು ಕೇಳಲಿಲ್ಲ. ನಾನು ಆ ಕೋಣೆಯಲ್ಲಿದ್ದಿದ್ದರೆ? ಮನಸ್ಸು ಬಿಚ್ಚಿ ಹೇಳಬೇಕೆಂದರೆ, ಕಾಲು ಮೊದಲು ಸರಿದು, ನೆಪ ಆಮೇಲೆ ಹೊಳೆಯುತ್ತಿತ್ತೇನೋ.

ಒಂದು ಮಾತು ಸೇರಿಸಬೇಕು. ಅನ್ಯಾಯ ಅನುಭವಿಸಿದವರು ಆಮೇಲೆ ಅನ್ಯಾಯ ಮಾಡಲ್ಲ ಅಂತೇನಿಲ್ಲ. ನರಮೇಧ ನಿಲ್ಲಿಸಿದ, ಟುಟ್ಸಿಗಳ ಮುಂದಾಳತ್ವದ ಸೈನ್ಯವೇ ಮುಂದೆ ಕಾಂಗೋಗೆ ನುಗ್ಗಿ ನಿರಾಶ್ರಿತರನ್ನು ಕೊಂದಿತು ಅನ್ನೋದು 2010ರ ವಿಶ್ವಸಂಸ್ಥೆ ವರದಿಯಲ್ಲಿದೆ. ಅದನ್ನು ಅಲ್ಲಿ ಬೀದಿಯಲ್ಲಿ ನಿಂತು ಮಾತಾಡುವ ಹಾಗಿಲ್ಲ. ಈಗ ಚೀಟಿಯಲ್ಲಿ ಜನಾಂಗದ ಖಾನೆ ಇಲ್ಲ, ಒಳ್ಳೆಯದಾಯಿತು. ಆದರೆ ಅಲ್ಲಿನ ಮೌನದಲ್ಲಿ ಎಷ್ಟು ಸಮಾಧಾನ, ಎಷ್ಟು ಭಯ ಅಂತ ಎರಡು ವರ್ಷದಲ್ಲಿ ನನಗೆ ಬಿಡಿಸಿ ನೋಡಲಾಗಲಿಲ್ಲ.

ನ್ಯಮಾಟಾ ನೋಡಿ ಬಂದ ಮುಂದಿನ ಉಮುಗಾಂಡಾದಲ್ಲಿ ಬಡಗಿ ಮತ್ತೆ ಮಚ್ಚು ಚಾಚಿದಾಗ ನಾನು ಬೇಡ ಅಂದು ಗುದ್ದಲಿ ತೆಗೆದುಕೊಂಡೆ. ಆತ ಒಂದು ಕ್ಷಣ ನನ್ನನ್ನೇ ನೋಡಿದ. ಯಾಕೆ ಅಂತ ಅರ್ಥವಾಗಿತ್ತು ಅಂತ ಕಾಣುತ್ತೆ. “ಹುಲ್ಲು ಗುದ್ದಲಿಯಿಂದ ಹೋಗಲ್ಲ ಮೇಷ್ಟ್ರೇ” ಅಂದ. ಸೊಂಟದುದ್ದ ಬೆಳೆದಿತ್ತು. ಗುದ್ದಲಿ ಇಟ್ಟು ಮಚ್ಚು ಈಸಿಕೊಂಡೆ. ಹನ್ನೊಂದು ಗಂಟೆವರೆಗೂ ಇಬ್ಬರೂ ಮಾತಾಡದೆ ಹುಲ್ಲು ಕೊಯ್ದೆವು.