ಮರಳುಗಾಡಿನ ಇಸ್ರಾಯೇಲ್ಯರನ್ನು ಸಭೆ ಅನ್ನಬಹುದಾ?

ಸಭೆ, ಅಂದರೆ ಕ್ರೈಸ್ತ ವಿಶ್ವಾಸಿಗಳ ಸಮುದಾಯ, ಹುಟ್ಟಿದ್ದು ಯೇಸುವಿನ ಶಿಷ್ಯರ ಮೇಲೆ ಪವಿತ್ರಾತ್ಮ ಇಳಿದ ಪಂಚಾಶತ್ತಮ ಹಬ್ಬದ ದಿನ ಅಂದಮೇಲೆ, ಐಗುಪ್ತದಿಂದ ಹೊರಟು ಅಡವಿಯಲ್ಲಿ ಅಲೆದ ಮೋಶೆಯ ಕಾಲದ ಜನರನ್ನೂ ಸಭೆ ಅನ್ನೋದು ಹೇಗೆ ಅಂತ ಕೇಳಿದ್ದೀರಿ. ಅದು ಸುಮ್ನೆ ಯಾರೋ ಕಟ್ಟಿದ ಹೋಲಿಕೆ ಅಲ್ಲ. ಅಪೊಸ್ತಲರ ಕೃತ್ಯಗಳು 7:38ರಲ್ಲಿ ಆದಿ ಸಭೆಯ ಸ್ತೆಫನನೇ ಅಡವಿಯಲ್ಲಿದ್ದ ಸಭೆಯ ಮಾತು ಎತ್ತುತ್ತಾನೆ.

ಆದರೆ ನೀವು ಮೊದಲು ಓದಬೇಕಾದದ್ದು 1 ಕೊರಿಂಥ 10, ಅಪೊಸ್ತಲ ಪೌಲ ಕೊರಿಂಥದ ಸಭೆಗೆ ಬರೆದ ಪತ್ರ. ಇಸ್ರಾಯೇಲ್ಯರೆಲ್ಲರೂ ಮೋಡದಲ್ಲಿ, ಸಮುದ್ರದಲ್ಲಿ ದೀಕ್ಷಾಸ್ನಾನ ಹೊಂದಿದರು ಅನ್ನುತ್ತಾನೆ ಪೌಲ. ಒಂದೇ ಆಹಾರ ತಿಂದರು, ಬಂಡೆಯಿಂದ ಒಂದೇ ನೀರು ಕುಡಿದರು; ಆ ಬಂಡೆ ಕ್ರಿಸ್ತನೇ. ದೀಕ್ಷಾಸ್ನಾನ, ಕರ್ತನ ಭೋಜನ (ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವುದು) ಎರಡನ್ನೂ ಅಲ್ಲೇ ಕಾಣುತ್ತಾನೆ. ಆ ಪತ್ರದ ಓದುಗರಲ್ಲಿ ಎಷ್ಟೋ ಜನ ಹಿಂದೆ ವಿಗ್ರಹ ಪೂಜಿಸಿದ್ದ ಗ್ರೀಕರು. ಆದರೂ ಇಸ್ರಾಯೇಲ್ಯರನ್ನು 'ನಮ್ಮ ಪಿತೃಗಳು' ಅನ್ನುತ್ತಾನೆ! ಐಗುಪ್ತದಿಂದ ಹೊರಟಾಗಲೂ ಬೇರೆ ಜನ ಜೊತೆಗಿದ್ದರು, ವಿಮೋಚನಕಾಂಡ 12:38 ನೋಡಿ.

ಇಷ್ಟೆಲ್ಲ ಸಿಕ್ಕಿದವರಲ್ಲೇ ಹೆಚ್ಚಿನವರು ಅಡವಿಯಲ್ಲಿ ಬಿದ್ದರು. ಪೌಲ ಎಚ್ಚರಿಸುವುದು ಅದನ್ನೇ. ಸ್ನಾನ, ಭೋಜನ ಆಯ್ತು, ಇನ್ನೇನು ಚಿಂತೆ ಅನ್ನುವ ಹಾಗಿಲ್ಲ. ಅವರು ಬಿದ್ದ ಕಾರಣಗಳಲ್ಲಿ ಒಂದಾದ ಗೊಣಗಾಟವಂತೂ ಇವತ್ತಿನ ಸಭೆಗಳಲ್ಲೂ ಕಡಿಮೆ ಇಲ್ಲ, ಅಲ್ವಾ?

ಹಾಗಾದರೆ ಪಂಚಾಶತ್ತಮದಲ್ಲಿ ಹೊಸದೇನು? ಅರಣ್ಯಕಾಂಡ 11ರಲ್ಲಿ ಆತ್ಮ ಇಳಿದದ್ದು ಮೋಶೆ ಆರಿಸಿದ 70 ಹಿರಿಯರ ಮೇಲೆ. ಯೆಹೋವನ ಜನರೆಲ್ಲರೂ ಪ್ರವಾದಿಗಳಾಗಿದ್ದರೆ ಎಷ್ಟೋ ಒಳ್ಳೆಯದು ಅಂತ ಮೋಶೆ ಆಸೆಪಟ್ಟ. ಅಪೊಸ್ತಲರ ಕೃತ್ಯಗಳು 2ರಲ್ಲಿ ಗಂಡಸರು, ಹೆಂಗಸರು, ದಾಸದಾಸಿಯರು ಎಲ್ಲರಿಗೂ ಆತ್ಮ ಅಂತ ಪೇತ್ರ ಸಾರಿದ. ಹಾಗಾಗಿ ನನ್ನ ಮಟ್ಟಿಗೆ ಆ ದಿನ ಹಳೆಯ ಸಭೆಯೇ ತುಂಬಿಕೊಂಡಿತು, ಸೊನ್ನೆಯಿಂದ ಶುರುವಾಗಲಿಲ್ಲ.